ಕೌದಿಯ ಹೊಟ್ಟೆ

ಮದುವೆಯಾಗಿ ರೋಣಕ್ಕೆ ಬಂದಾಗ ನನಗೆ ಬರುತ್ತಿದ್ದದ್ದು ಕರವಸ್ತ್ರದ ಮೂಲೆಯಲ್ಲಿ ಗುಲಾಬಿ ಮೊಗ್ಗು ತೆಗೆಯುವುದೊಂದೇ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಕಟ್ಟಿಗೆಯ ಬಳೆಗೆ ಬಟ್ಟೆ ಬಿಗಿದು, ನಡುವಿನಿಂದ ಶುರುಮಾಡಿ ಅಂಚಿಗೆ ಹೋಗಬೇಕೆಂದು ಕಲಿಸಿದ್ದರು. ಆ ಬಳೆಯನ್ನು ಟ್ರಂಕಿನ ತಳದಲ್ಲಿಟ್ಟುಕೊಂಡು ಬಂದಿದ್ದೆ. ಅತ್ತೆ ಅದನ್ನು ತಿರುಗಿಸಿ ನೋಡಿ, ಯಾರ ಮನೆಯ ಜರಡಿ ಮುರಿದು ತಂದೆ ಎಂದು ಕೇಳಿದರು. ತಾವೇ ನಕ್ಕರು. ಆ ಮನೆಯಲ್ಲಿ ಆಗ ನಗು ಅಪರೂಪವಾಗಿತ್ತು, ಅದಕ್ಕೇ ನೆನಪಿದೆ.

ಅದಕ್ಕೆ ಕಾರಣ ನನ್ನ ಭಾವ, ಗಂಡನ ಅಣ್ಣ. ಹೊಳೆಆಲೂರಿನಲ್ಲಿ ರೈಲು ಹತ್ತಿ ಸೊಲ್ಲಾಪುರದ ಗಿರಣಿ ಕೆಲಸಕ್ಕೆ ಹೋದವರು ಮೊದಮೊದಲು ಹಬ್ಬಕ್ಕೆ ಬರುತ್ತಿದ್ದರಂತೆ. ನಮ್ಮ ಮದುವೆಗೆ ಬರಲಿಲ್ಲ. ಆಮೇಲೆ ಸುದ್ದಿಯೂ ನಿಂತಿತು. ಅವರ ಹೆಂಡತಿ, ನನ್ನ ನೆಗೆಣ್ಣಿ, ನಮ್ಮೊಂದಿಗೇ ಇದ್ದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಬೆಳಿಗ್ಗೆ ಕುಂಕುಮ ಇಟ್ಟುಕೊಳ್ಳುವಾಗ ಕನ್ನಡಿಯ ಮುಂದೆ ಅವರು ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ನಿಲ್ಲುತ್ತಿದ್ದರು.

ಆ ಬೇಸಿಗೆಯಲ್ಲಿ ಅಕ್ಕನ ಕೌದಿ ಹರಿದಿತ್ತು. ಹೊಸದು ಹೊಲಿಯುವ ನೆಪದಲ್ಲಿ ನನಗೂ ಕಲಿಸುವುದೆಂದಾಯಿತು. ಮಧ್ಯಾಹ್ನ ಬೆಳಕಿಂಡಿಯಿಂದ ಬಿಸಿಲಿನ ಕಂಬವೊಂದು ಪಡಸಾಲೆಗೆ ಇಳಿಯುತ್ತಿತ್ತು. ಅದು ಸರಿದಂತೆ ನಾವೂ ಸರಿಯುತ್ತ ಕೂರುತ್ತಿದ್ದೆವು. ಅತ್ತೆ ಹಳೆಯ ಬಟ್ಟೆಯ ಗಂಟು ಬಿಚ್ಚಿ ಒಂದೊಂದನ್ನೂ ಇದು ಯಾರದು ಎಂದು ಹೇಳಿ ಇಡುತ್ತಿದ್ದರು: ತೀರಿಹೋದ ಅಜ್ಜಿಯ ಇಳಕಲ್ ಸೀರೆ, ಮಾವನ ಅಂಗಿ, ನನ್ನ ಗಂಡ ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದ ಚಡ್ಡಿ. ಅಳತೆಗೆ ಕತ್ತರಿಸಿದ ಸೀರೆ ಕೆಳಕ್ಕೆ, ತುಂಡುಗಳೆಲ್ಲ ಮೇಲಕ್ಕೆ. ನಡುವಿನ ಪದರಿಗೆಂದು ಅವರು ಕೊನೆಗೆ ತೆಗೆದದ್ದು ಬೇರೆ ಟ್ರಂಕಿನಲ್ಲಿದ್ದ ಒಂದು ಧೋತರ. ಅದರ ಮಡಿಕೆಗಳು ಹಳದಿಗಟ್ಟಿದ್ದವು.

ಅಕ್ಕನ ಸೂಜಿ ನಿಂತಿತು.

"ಊರಿಗೆ ಹೋದವರ ಬಟ್ಟಿಗೆ ಕತ್ತರಿ ಹಚ್ಚಬಾರದ್ರಿ, ಅತ್ತಿ."

"ಕತ್ತರಿ ಯಾರ ಹಚ್ಚಾಕತ್ಯಾರ? ಇಡೀದು ಹಂಗ ಹಾಸ್ತೀನಿ," ಎಂದರು ಅತ್ತೆ. "ಬಂದ ಮ್ಯಾಲ ಅವನೇ ಹೊದ್ದಕೊಳ್ಳಲಿ."

ಆ ಮನೆಯಲ್ಲಿ ಕತ್ತರಿ ಬಿದ್ದ ಬಟ್ಟೆಗಳೆಲ್ಲ ಇನ್ನು ಮೈಗೆ ಬೇಡವಾದವರವು ಎಂಬುದು ನನಗೆ ಆಗಲೇ ಹೊಳೆದದ್ದು. ಚಡ್ಡಿಗೆ ಹುಡುಗ ದೊಡ್ಡವನಾಗಿದ್ದ. ಸೀರೆಗೆ ಅಜ್ಜಿ ಇರಲಿಲ್ಲ.

ನಾನು ಸೂಜಿ ಪೋಣಿಸಿ, ಕಲಿತ ರೂಢಿಯಂತೆ ಸರಿಯಾಗಿ ನಡುಮಧ್ಯದ ತುಂಡನ್ನು ಹೊಲಿಯತೊಡಗಿದೆ. ಎಳ್ಳಿನಂಥ ಸಣ್ಣ ಹೊಲಿಗೆ. ಚೆನ್ನಾಗಿ ಬರುತ್ತಿದೆ ಎಂದುಕೊಳ್ಳುವಷ್ಟರಲ್ಲಿ ಅತ್ತೆ ನನ್ನ ಮಣಿಕಟ್ಟು ಹಿಡಿದರು. ಬೈಯಲಿಲ್ಲ. ಅವರ ಕೈ ತಣ್ಣಗಿತ್ತು.

"ಹೊಟ್ಟಿ ಮೊದಲ ಮುಚ್ಚತಾರೇನವಾ? ಅದು ಕಡೀಗೆ."

ಕೌದಿಯನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತ ಒಳಕ್ಕೆ ಬರಬೇಕು. ನಡುವಿನ ಆ ಅಂಗೈಯಗಲದ ಜಾಗಕ್ಕೆ ಹೊಟ್ಟೆ ಎನ್ನುತ್ತಾರೆ. ಎಲ್ಲ ಮುಗಿದ ಮೇಲೆ ಅದರೊಳಗೆ ಒಂದು ಚಿಟಿಕೆ ಜೋಳ ಹಾಕಿ, ಕೌದಿ ಹಸಿದಿರಬಾರದೆಂದು ಹೇಳಿ ಮುಚ್ಚುತ್ತಾರೆ. ಇದನ್ನೆಲ್ಲ ಅಕ್ಕ ಮೆಲ್ಲಗೆ ಹೇಳುತ್ತ ನನ್ನ ಹೊಲಿಗೆಯನ್ನು ಹಲ್ಲಿನಿಂದ ಕಡಿದು ಬಿಚ್ಚಿದರು. ದಾರ ಹೋಯಿತು, ಸೂಜಿಯ ತೂತುಗಳು ಉಳಿದವು. ಉಗುರಿನಿಂದ ಎಷ್ಟು ತೀಡಿದರೂ ಮುಚ್ಚಿಕೊಳ್ಳಲಿಲ್ಲ.

ಮಳೆ ಹಿಡಿಯುವ ಹೊತ್ತಿಗೆ ನನ್ನ ಕೈ ಕುದುರಿತು. ಮೂವರ ಹೊಲಿಗೆಯೂ ಕಣ್ಣಿಗೆ ಬೇರೆ ಬೇರೆಯಾಗಿ ಕಾಣತೊಡಗಿತು. ಅಕ್ಕನದು ನೆಟ್ಟಗೆ, ಬಿತ್ತಿದ ಸಾಲಿನ ಹಾಗೆ. ಅತ್ತೆಯದು ಉದ್ದ, ಎಡಕ್ಕೆ ವಾಲಿದ್ದು. ನನ್ನದು ಎಳ್ಳೇ. ಇಷ್ಟು ಸಣ್ಣಗೆ ಹೊಲಿದರೆ ಕೌದಿ ಮುಗಿಯುವುದರೊಳಗೆ ಇವಳ ಮಗನ ಮದುವೆಯಾಗುತ್ತದೆ ಎಂದು ಅತ್ತೆ ಓಣಿಯವರ ಮುಂದೆ ಹೇಳಿ ನಗಿಸಿದರು. ಎಲ್ಲ ಸುತ್ತು ಮುಗಿದರೂ ಹೊಟ್ಟೆಯನ್ನು ಮಾತ್ರ ಮುಚ್ಚಲಿಲ್ಲ. ಅವ ಬರಲಿ, ಅವನ ಕೈಯಿಂದಲೇ ಜೋಳ ಹಾಕಿಸೋಣ ಎಂದರು. ನಡುವಿನ ತುಂಡು ಒಂದು ಕಡೆ ಬಾಯಿ ತೆರೆದೇ ಉಳಿಯಿತು. ಅಕ್ಕ ದಿನಾ ಹಾಸುವಾಗ, ಮಡಚುವಾಗ, ಆ ಬಾಯಿಯೊಳಗೆ ಎರಡು ಬೆರಳಿಟ್ಟು ಒಳಗಿನ ಧೋತರವನ್ನು ಮುಟ್ಟುತ್ತಿದ್ದರು. ಯಾರೂ ನೋಡಿಲ್ಲವೆಂದು ಅವರು ತಿಳಿದಿದ್ದರು.

ದೀಪಾವಳಿ ಹತ್ತಿರ ಬಂತು. ಅದೇ ಗಿರಣಿಯಲ್ಲಿದ್ದ ಜಕ್ಕಲಿಯವರೊಬ್ಬರು ರಜೆಗೆ ಬರುತ್ತಾರೆಂದು ತಿಳಿದು ಮಾವ ಹೊಳೆಆಲೂರು ಸ್ಟೇಷನ್ನಿಗೆ ಗಾಡಿ ಕಟ್ಟಿಸಿಕೊಂಡು ಹೋದರು. ಮರುದಿನ ಮಧ್ಯಾಹ್ನ ತಿರುಗಿ ಬಂದವರು ಪಡಸಾಲೆಗೆ ಬರಲಿಲ್ಲ. ಹಿತ್ತಿಲ ಕಡೆಯಿಂದಲೇ ಹೋದರು. ಅತ್ತೆಯೂ ಆ ಕಡೆ ಹೋದರು. ಸ್ವಲ್ಪ ಹೊತ್ತಿನಲ್ಲೇ ಬಂದು, ನಮ್ಮಿಬ್ಬರ ತಲೆಯ ಮೇಲೂ ಬಟ್ಟೆಯ ಗಂಟು ಹೊರಿಸಿ, ಹಳ್ಳಕ್ಕೆ ಹೋಗಿ ಒಗೆದು ಬನ್ನಿ ಎಂದರು. ಹಳ್ಳದ ದಂಡೆಯಲ್ಲಿ ಗಂಟು ಬಿಚ್ಚಿದಾಗ ಬಟ್ಟೆಗಳಲ್ಲಿ ಅರ್ಧ ಒಗೆದವೇ ಇದ್ದವು. ಅಕ್ಕ ಒಂದು ಗಳಿಗೆ ಅವನ್ನೇ ನೋಡಿ, ಮತ್ತೆ ಎಲ್ಲವನ್ನೂ ನೀರಿಗೆ ಅದ್ದಿದರು.

ನಾವು ಬರುವ ಹೊತ್ತಿಗೆ ಬಚ್ಚಲ ಮುಂದಿನ ನೆಲ ಒದ್ದೆಯಾಗಿತ್ತು. ಹಗ್ಗದ ಮೇಲೆ ಮಾವನ ರುಮಾಲು ನೀರು ಸೋರುತ್ತಿತ್ತು. ಅತ್ತೆಯ ಕೂದಲಿನ ತುದಿಯಿಂದ ಹನಿ ಬೀಳುತ್ತಿತ್ತು. ಅದು ಅವರು ತಲೆಗೆ ನೀರು ಹಾಕಿಕೊಳ್ಳುವ ವಾರವಾಗಿರಲಿಲ್ಲ.

ಸಂಜೆ ಅಕ್ಕ ಅಡಿಗೆಮನೆಯಲ್ಲಿ ದೀಪ ಹಚ್ಚುತ್ತಿದ್ದರು. ಹಾಸಿಗೆ ಬಿಡಿಸುವುದು ನನ್ನ ಕೆಲಸ. ಅವರ ಕೌದಿಯನ್ನು ಎತ್ತಿಕೊಂಡೆ. ನಡುವಿನ ಬಾಯಿ ಮುಚ್ಚಿತ್ತು. ಹೊಸ ದಾರ, ಉದ್ದ ಹೊಲಿಗೆ, ಎಡಕ್ಕೆ ವಾಲಿದ್ದು. ಹೆಬ್ಬೆರಳಿಗೆ ಕಾಳುಗಳು ಸಿಕ್ಕವು.

ಬಾಗಿಲಲ್ಲಿ ಅತ್ತೆ ನಿಂತಿದ್ದರು.

"ಅವನ ಧೋತರ ಒಳಗೈತಿ," ಎಂದರು. "ಹಸದು ಮಲಗಬಾರದು."

ಆಮೇಲೆ ಹತ್ತಿರ ಬಂದು, ದನಿ ಇಳಿಸಿ, "ಹಬ್ಬ ಒಂದು ದಾಟ್ಲಿ. ಅಲ್ಲೀತನಕ ಆಕೀ ಹಣಿ ಹಂಗ ಇರ್ಲಿ. ನೀ ಏನೂ ನೋಡಿಲ್ಲ," ಎಂದು ಹೇಳಿ ಹೋದರು.

ನಾನು ಕೌದಿಯ ನಡುಭಾಗವನ್ನು ಒಳಗೆ ಮಾಡಿ ಮಡಚಿದೆ. ಮಡಿಕೆ ಸರಿಹೋಗದೆ ಮತ್ತೆ ಮಡಚಿದೆ. ಅಷ್ಟರಲ್ಲಿ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಹಾಸೂದು ಬಿಟ್ಟು ಮಡಚಾಕತ್ತೀಯಲ್ಲ ಎಂದು ನಗುತ್ತ ಕೌದಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಕೊಡವಿ ಹಾಸಿದರು. ರೂಢಿಯಂತೆ ಎರಡು ಬೆರಳು ನಡುವಿಗೆ ಹೋದವು. ಅಲ್ಲೇ ನಿಂತವು. ಹೊಲಿಗೆಯ ಮೇಲೆ ಒಂದು ಸಲ ಆ ಕಡೆಯಿಂದ ಈ ಕಡೆಗೆ ಸರಿದವು.

"ಜ್ವಾಳ ಹಾಕ್ಯಾರೇನು, ತಂಗಿ?"

ಹೌದೆಂದು ತಲೆಯಾಡಿಸಿದೆ.

ಅಕ್ಕ ಕೌದಿಯ ಸುಕ್ಕು ತೀಡಿದರು. ನಾಲ್ಕೂ ಮೂಲೆ ಎಳೆದು ಸರಿಮಾಡಿದರು. ಆಮೇಲೆ ನನ್ನ ಕಡೆ ನೋಡದೆಯೇ, "ನಾ ನೋಡೀನಂತ ಅತ್ತಿಗೆ ಹೇಳಬ್ಯಾಡ. ಹಬ್ಬ ಮಾಡ್ಲಿ ಪಾಪ," ಎಂದರು.

ಮರುದಿನ ಬಳೆಗಾರ ಬಂದ. ಬೆಳಕಿಂಡಿಯ ಬಿಸಿಲು ಬೀಳುವಲ್ಲೇ ತನ್ನ ಬಳೆಯ ಸರಗಳನ್ನು ಹರಡಿದ. ಮಾವ ಹೊರಗಿನ ಕಟ್ಟೆಯಿಂದ ಎದ್ದು ಎತ್ತಲೋ ಹೋದರು. ಅತ್ತೆ ಮೊದಲು ಅಕ್ಕನನ್ನೇ ಕೂರಿಸಿ, ಹಸಿರು ಬಳೆ ಆರಿಸಿ, "ದೊಡ್ಡಾಕಿಗೆ ಕೈ ತುಂಬ ಇಡಪಾ," ಎಂದರು.

ಅಕ್ಕ ಕೈ ಚಾಚಿದರು. ಬಳೆಗಾರ ಅವರ ಬೆರಳುಗಳನ್ನು ಮಡಚಿ ಒತ್ತುತ್ತ ಒಂದೊಂದೇ ಬಳೆ ಏರಿಸಿದ. ನನ್ನ ಸರದಿಗೆ ಕಾಯುತ್ತ ನಾನು ಪಕ್ಕದಲ್ಲಿ ಕೂತಿದ್ದೆ. ಅತ್ತೆ ಅಕ್ಕನ ಮುಖ ನೋಡಲಿಲ್ಲ. ಅಕ್ಕ ಅತ್ತೆಯ ಮುಖ ನೋಡಲಿಲ್ಲ. ಇಬ್ಬರೂ ಆ ಬಳೆಗಳನ್ನೇ ನೋಡುತ್ತಿದ್ದರು.