ಮೂರು ಉದ್ದ ಬೀಪ್

ಕೊಡೆ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ ಹಳೆಯ ಕಂಪ್ಯೂಟರುಗಳನ್ನು ರಿಪೇರಿ ಮಾಡುವ ಹೆಂಗಸಿಗೆ ಬೀಪಮ್ಮ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಹೆಸರು ಸರಿಯಾಗಿಯೇ ಇದೆ. ಹೊಸ ಯಂತ್ರಗಳನ್ನು ಆಕೆ ಮುಟ್ಟುವುದಿಲ್ಲ. ಹೊಸವು ಕೆಟ್ಟರೆ ಮುಖ ಊದಿಸಿಕೊಂಡು ಕೂರುತ್ತವೆ, ಹಳೆಯವು ಏಳಲಾಗದಿದ್ದರೂ ಬೀಪ್ ಬೀಪ್ ಎಂದು ಎಲ್ಲಿ ನೋವೆಂದು ಹೇಳಿಬಿಡುತ್ತವೆ ಎಂಬುದು ಆಕೆಯ ವಾದ. ಗಿಡ್ಡ ಬೀಪ್ ಒಂದೇ ಬಂದರೆ ಎಲ್ಲ ಕ್ಷೇಮ. ಉಳಿದದ್ದಕ್ಕೆಲ್ಲ ಬೇರೆ ಬೇರೆ ಅರ್ಥ. ನಿಜ ಹೇಳದವರು ಗಿರಾಕಿಗಳು ಮಾತ್ರ. "ನಾವೇನೂ ಮಾಡಿಲ್ಲಮ್ಮ, ಅದೇ ನಿಂತುಹೋಯ್ತು" ಎನ್ನುತ್ತಾರೆ. ಕೀಬೋರ್ಡ್ ಬೋರಲು ಹಾಕಿದರೆ ಸಕ್ಕರೆ ಉದುರುತ್ತದೆ.

ಮೊದಲು ಆಕೆ ಕಚೇರಿಯೊಂದರಲ್ಲಿ ಟೈಪಿಸ್ಟ್. ಅಲ್ಲಿಗೆ ಬಂದ ಕಂಪ್ಯೂಟರ್ ವಾರಕ್ಕೊಮ್ಮೆ ಕೆಡುತ್ತಿತ್ತು, ಸರಿಮಾಡುವವನು ತಿಂಗಳಿಗೊಮ್ಮೆ ಬರುತ್ತಿದ್ದ. ನಡುವಿನ ದಿನಗಳಲ್ಲಿ ಸುಮ್ಮನೆ ಕೂರುವುದು ಆಕೆಯ ಜಾಯಮಾನವಲ್ಲ, ಸ್ಕ್ರೂಡ್ರೈವರ್ ಹಿಡಿದಳು. ಮೇಲಧಿಕಾರಿ ಬೈದ. ಮುಂದಿನ ತಿಂಗಳು ತನ್ನ ಮನೆಯದನ್ನೂ ಹೊತ್ತು ತಂದ.

ಯಂತ್ರದ ಮುಂದೆ ಬೆಟ್ಟದಷ್ಟು ತಾಳ್ಮೆಯಿದ್ದ ಆಕೆಗೆ ನಾಲಿಗೆಯ ಮೇಲೆ ಹಿಡಿತವಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಅಪ್ಪ ಹಾಸಿಗೆ ಹಿಡಿದಾಗ ಆಸ್ಪತ್ರೆಗೆ ಸೇರಿಸೋಣ ಎಂದು ಈಕೆ, ಬೇಡ ಎಂದು ಅಣ್ಣ. ಅಪ್ಪ ಅಣ್ಣನ ಮನೆಯಲ್ಲೇ ತೀರಿಕೊಂಡರು. ನೆಂಟರೆಲ್ಲ ನೆರೆದಿದ್ದಾಗ ಈಕೆ, "ಅಪ್ಪನ್ನ ಸಾಯಿಸಿದ್ದು ನೀನೇ" ಎಂದುಬಿಟ್ಟಳು. ಅಣ್ಣ ತುಟಿ ಪಿಟಕ್ಕೆನ್ನಲಿಲ್ಲ. ಅವತ್ತು ಮಾತು ಬಿಟ್ಟವನು ಮತ್ತೆ ಆಡಲೂ ಇಲ್ಲ. ತಪ್ಪಾಯಿತೆಂದು ಅತ್ತಿಗೆಯ ಕೈಲಿ ಹೇಳಿಸಿದಳು. ಎರಡು ಸಲ ಮನೆಗೇ ಹೋದಳು. ಆತ ಬಾಗಿಲು ತೆರೆದು, ಕುರ್ಚಿ ತೋರಿಸಿ, ಒಳಗೆ ಹೋಗಿ ಪದಬಂಧ ಬರೆಯುತ್ತ ಕೂತ. ವಾರಪತ್ರಿಕೆಯೊಂದಕ್ಕೆ ಇಪ್ಪತ್ತೆರಡು ವರ್ಷದಿಂದ ಒಂದು ವಾರವೂ ತಪ್ಪಿಸದೆ, ಗುರುವಾರ ಮೂರು ಗಂಟೆಯೊಳಗೆ ಪದಬಂಧ ಮಾಡಿಕೊಡುವ ಮನುಷ್ಯ ತಂಗಿಗೆ ಒಂದು ಪದ ಖರ್ಚು ಮಾಡಲಿಲ್ಲ. ಆಕೆಗೆ ಬೇಕಾಗಿದ್ದದ್ದು ಅಷ್ಟೇ: ಅಣ್ಣ ಒಮ್ಮೆ ಮಾತಾಡಬೇಕು. ಬೈದರೂ ಸರಿ.

ಒಂದು ಗುರುವಾರ ಮಧ್ಯಾಹ್ನ ಹನ್ನೆರಡೂವರೆಗೆ ಅಣ್ಣನ ಮನೆಯ ನಂಬರಿನಿಂದ ಫೋನ್ ಬಂತು. ಅತ್ತಿಗೆ ಮಗಳ ಮನೆಗೆ ಹೋಗಿ ನಾಲ್ಕು ದಿನವಾಗಿತ್ತು. "ಹಲೋ" ಎಂದಳು. ಆ ಕಡೆ ಬರೀ ಉಸಿರಾಟ. ಆಮೇಲೆ ರಿಸೀವರನ್ನು ಯಾವುದಕ್ಕೋ ಹತ್ತಿರ ಹಿಡಿದ ಸದ್ದು, ಗುಂಡಿ ಒತ್ತಿದ ಸದ್ದು, ಹಿಂದೆಯೇ ಅಣ್ಣನ ಹಳೆಯ ಕಂಪ್ಯೂಟರಿನ ಮೂರು ಉದ್ದ ಬೀಪ್.

ಫೋನ್ ಮಾಡಿದ್ದು ಅಣ್ಣನೇ. ಆಕೆಯ ಬಾಯಿ ಅಭ್ಯಾಸಬಲದಿಂದ, "ಒಳಗಿನ ಮೆಮೊರಿ ಪಟ್ಟಿ ಸಡಿಲ ಆಗಿದೆ" ಎಂದಿತು.

ಫೋನ್ ಕಟ್ಟಾಗಲಿಲ್ಲ.

"ಅಣ್ಣ, ಮೂರು ಗಂಟೆಗೆ ಪದಬಂಧ ಕಳಿಸ್ಬೇಕಲ್ವಾ? ಹೂಂ ಆದ್ರೆ ಫೋನ್ ಮೇಲೆ ಒಂದ್ಸಲ ಕುಟ್ಟು. ಉಹೂಂ ಆದ್ರೆ ಎರಡ್ಸಲ."

ಟಕ್.

ತಾನೇ ಹೋದರೆ ಎರಡು ನಿಮಿಷದ ಕೆಲಸವೆಂದು ಗೊತ್ತಿತ್ತು. ಆದರೆ ಹೋದರೆ ಮತ್ತೆ ಆ ಕುರ್ಚಿ. ಇಲ್ಲಿ ಟಕ್ ಎಂದಾದರೂ ಅನ್ನುತ್ತಿದ್ದಾನೆ. ಕರೆಂಟ್ ತೆಗೆಸಿದಳು, ಹಿಂದಿನ ವಯರುಗಳನ್ನೆಲ್ಲ ಕೀಳಿಸಿದಳು, ಪೆಟ್ಟಿಗೆಯನ್ನು ಮಗ್ಗುಲಿಗೆ ಮಲಗಿಸಿ ಮುಚ್ಚಳ ಬಿಚ್ಚಿಸಿದಳು. "ತಿರುಪು ಎಷ್ಟಿದೆ ಎಣಿಸು" ಎಂದಳು. ನಾಲ್ಕು ಟಕ್ ಬಂತು. ತಿರುಪಿನ ಲೆಕ್ಕ ಯಾರಿಗೂ ಬೇಕಿರಲಿಲ್ಲ. ಫ್ಯಾನಿನ ಒಂದೊಂದು ರೆಕ್ಕೆಯನ್ನೂ ಒರೆಸಲು ಹೇಳಿದಳು. ಅದೂ ಬೇಕಿರಲಿಲ್ಲ. ಗಡಿಯಾರ ನೋಡಿದರೆ ಎರಡಾಗಲು ಹತ್ತು ನಿಮಿಷ. ತನ್ನ ಆಸೆಗೆ ಆತನ ಇಪ್ಪತ್ತೆರಡು ವರ್ಷದ ವ್ರತ ಕೆಡುತ್ತಿದೆಯೆಂದು ತನ್ನ ಮೇಲೇ ಸಿಟ್ಟು ಬಂತು.

"ಪಟ್ಟಿಯ ಎರಡೂ ತುದೀಲಿ ಬಿಳಿ ಕೊಂಡಿ ಇದೆ, ಹೊರಗೆ ತಳ್ಳು. ಪಟ್ಟಿ ಎದ್ದು ಬರುತ್ತೆ. ಅದರ ಹೊಳೆಯೋ ಅಂಚನ್ನ ರಬ್ಬರಲ್ಲಿ ಉಜ್ಜಿ ಮತ್ತೆ ಕೂರಿಸು. ಟಿಕ್ ಅನ್ನೋವರೆಗೂ ಒತ್ತು."

ರಬ್ಬರಿಗೆ ಆ ಮನೆಯಲ್ಲಿ ಬರವಿಲ್ಲ. ಉಜ್ಜುವ ಸದ್ದು ಕೇಳಿಸಿತು, ಎರಡು ಟಿಕ್ ಕೇಳಿಸಿತು, ವಯರುಗಳನ್ನು ಸಿಕ್ಕಿಸುವಾಗ ಮೇಜು ತಲೆಗೆ ಬಡಿದದ್ದೂ ಕೇಳಿಸಿತು. ಕೊನೆಗೆ ಒಂದೇ ಒಂದು ಗಿಡ್ಡ ಬೀಪ್. ಮೂವತ್ತು ವರ್ಷದಲ್ಲಿ ಮೊದಲ ಸಲ ಆ ಬೀಪ್ ಕೇಳಿ ಆಕೆಗೆ ದುಃಖವಾಯಿತು. ಇನ್ನು ಫೋನ್ ಇಡುತ್ತಾನೆ.

ಟಕ್ ಟಕ್.

"ಇನ್ನೂ ಸರಿಹೋಗಿಲ್ವಾ? ಪರದೆ ಮೇಲೆ ಏನಾದ್ರೂ ಬಂದಿದೆಯಾ?"

ಟಕ್.

"ಏನಂತ?"

ಇದಕ್ಕೆ ಕುಟ್ಟುವ ಭಾಷೆಯಲ್ಲಿ ಉತ್ತರವಿಲ್ಲ. ಆಕೆ ಫೋನನ್ನು ಕಿವಿಗೆ ಒತ್ತಿಕೊಂಡಳು. ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದಾಯಿತು.

"ಕೀಬೋರ್ಡ್ ಸಿಗುತ್ತಿಲ್ಲ," ಎಂದು ಅಣ್ಣ ಓದಿದ. "ಮುಂದುವರಿಯಲು ಎಫ್ ಒನ್ ಒತ್ತಿ."

ಒಂಬತ್ತು ವರ್ಷಕ್ಕೆ ಧ್ವನಿ ಮುದಿಯಾಗಿತ್ತು, ಥೇಟ್ ಅಪ್ಪನದು. ಆಕೆಗೆ ಅಳು ಒತ್ತರಿಸಿ ಬಂತು.

"ಇಲ್ಲದಿರೋ ಕೀಬೋರ್ಡಿನ ಗುಂಡಿ ಒತ್ತೋದು ಹೇಗೆ?" ಎಂದು ಅಣ್ಣ ರೇಗಿದ. "ಯಾವ ತಲೆಹರಟೆ ಬರೆದಿದ್ದು ಇದನ್ನ?"

"ಕೀಬೋರ್ಡ್ ವಯರ್ ಹಾಕೋದು ಮರೆತಿದೀಯ," ಎಂದಳು ಮೂಗೊರೆಸಿಕೊಂಡು. "ಆಫ್ ಮಾಡಿ, ಸಿಕ್ಕಿಸಿ, ಮತ್ತೆ ಹಾಕು."

ಯಂತ್ರ ಎದ್ದಿತು. "ಬಂತು" ಎಂದ ಅಣ್ಣ. ಇಬ್ಬರೂ ಫೋನ್ ಇಡಲಿಲ್ಲ.

"ಅಣ್ಣ, ಅವತ್ತು ನಾನು ಅಂದಿದ್ದು..."

"ಅಪ್ಪನೇ ಬೇಡ ಅಂದಿದ್ರು," ಎಂದ ಅಣ್ಣ. "ಆಸ್ಪತ್ರೇಲಿ ಸಾಯಲ್ಲ ಅಂತ ನನ್ನ ಎರಡೂ ಕೈ ಹಿಡ್ಕೊಂಡ್ರು. ಅವಳಿಗೆ ಹೇಳ್ಬೇಡ, ಎತ್ಕೊಂಡಾದ್ರೂ ಹೋಗ್ತಾಳೆ ಅಂದ್ರು. ಯಾವತ್ತೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೆ."

"ಹೇಳದೆ ಇದ್ರೂ ಪರವಾಗಿರಲಿಲ್ಲ. ಬೇರೆ ಏನಾದ್ರೂ ಮಾತಾಡಬಹುದಿತ್ತಲ್ಲ!"

"ನಿನ್ನ ಮುಂದೆ ಬಾಯಿ ತೆರೆದ್ರೆ ಅದೇ ಬರ್ತಿತ್ತು. ಅದಕ್ಕೇ ತೆರೀಲಿಲ್ಲ."

ಇಷ್ಟು ವರ್ಷ ಆತನದು ಸಿಟ್ಟೆಂದು ತಿಳಿದಿದ್ದಳು. ಕೊಲೆಗಾರನೆನಿಸಿಕೊಂಡೂ ಆತ ಕೊಟ್ಟ ಮಾತು ಕಾಯುತ್ತಿದ್ದ. ಆಕೆ ಬಿಕ್ಕಿ ಬಿಕ್ಕಿ ಅತ್ತಳು, ನಡುವೆ ಒಮ್ಮೆ ಅಣ್ಣನೂ ಮೂಗು ಸೀಟಿದ. ಪದಬಂಧ ಮೂರಕ್ಕೆ ಐದು ನಿಮಿಷವಿರುವಾಗ ಹೋಯಿತು. ಅವರು ಫೋನ್ ಇಟ್ಟಾಗ ಸಂಜೆ ಐದೂವರೆ.