ಎರಡೂವರೆ ಗೇಣು ಜಾಗ

ಸಂಬಳದ ಪಟ್ಟಿಯಲ್ಲಿ ಅವನಿಗೊಂದು ಒಳ್ಳೆಯ ಹೆಸರಿತ್ತು. ಆ ಹೆಸರು ಹಿಡಿದು ಕೂಗುವವರು ಮಾತ್ರ ಯಾರೂ ಇರಲಿಲ್ಲ. ವಿಮಾ ಕಚೇರಿಯಲ್ಲಿ, ಗ್ಯಾರೇಜಿನಲ್ಲಿ, ಗುದ್ದಿದ ಕಾರುಗಳನ್ನು ಎಳೆದು ತಂದು ನಿಲ್ಲಿಸುವ ಅದರ ಅಂಗಳದಲ್ಲಿ, ಎಲ್ಲ ಕಡೆಯೂ ಅವನು ಗೇಣಪ್ಪ. ಅಪಘಾತವಾದ ಕಾರನ್ನು ನೋಡಿ, ಯಾವುದು ರಿಪೇರಿಯಾಗುತ್ತದೆ, ಯಾವುದು ಗುಜರಿಗೆ ಎಂದು ಬರೆದುಕೊಡುವ ಸರ್ವೇಯರ್ ಕೆಲಸ. ಉಳಿದ ಸರ್ವೇಯರುಗಳು ಬಂಪರಿನಿಂದ ಶುರು ಮಾಡುತ್ತಾರೆ. ಇವನು ಮೊದಲು ಡ್ರೈವರ್ ಬಾಗಿಲು ತೆಗೆಸುತ್ತಿದ್ದ. ಅದು ತೆಗೆಯಲು ಬರದಷ್ಟು ಕಚ್ಚಿಕೊಂಡಿದ್ದರೆ ಕಿಟಕಿಯಿಂದ ತೋಳು ತೂರಿಸಿ, ಸ್ಟಿಯರಿಂಗಿಗೂ ಸೀಟಿನ ಬೆನ್ನಿಗೂ ನಡುವೆ ಎಷ್ಟು ಜಾಗ ಉಳಿದಿದೆ ಎಂದು ಗೇಣು ಹಾಕುತ್ತಿದ್ದ. ಎರಡೂವರೆ ಗೇಣು ಸಿಕ್ಕಿದರೆ, ಒಳಗಿದ್ದವನು ಎದ್ದು ಮನೆಗೆ ಹೋಗಿದ್ದಾನೆ ಎಂದು ಲೆಕ್ಕ. ಎರಡು ಸಿಕ್ಕಿದರೆ ಪಕ್ಕೆಲುಬು ಮುರಿದಿರುತ್ತದೆ, ಜೀವ ಉಳಿದಿರುತ್ತದೆ. ಅದಕ್ಕಿಂತ ಕಡಿಮೆಯಾದರೆ ಅವನು ಹೋಗಿ ಕೈ ತೊಳೆದುಕೊಂಡು ಬರುತ್ತಿದ್ದ. ಕಂಪನಿಗೆ ಈ ಅಳತೆ ಬೇಕೇ ಇರಲಿಲ್ಲ. ಯಾರೂ ಕೇಳದ ಲೆಕ್ಕವನ್ನು ತಲೆಯ ಮೇಲೆ ಹೊತ್ತು ತಿರುಗುವ ಜನ ಇರುತ್ತಾರಲ್ಲ, ಆ ಜಾತಿ.

ಇಂಥ ಕೆಲಸ ಮಾಡುವವನು ರಸ್ತೆಯಲ್ಲಿ ನೆಮ್ಮದಿಯಾಗಿ ಹೋಗುವುದುಂಟೇ? ಮುಂದೆ ಹೋಗುವ ಪ್ರತಿ ಕಾರನ್ನೂ ಇದು ಗುದ್ದಿದರೆ ಎಲ್ಲಿ ಮಡಚಿಕೊಳ್ಳುತ್ತದೆ ಎಂದೇ ನೋಡುತ್ತಿದ್ದ. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಒಂದು ಪುಟ್ಟ ಕಾರು ಬಂದು ನಿಂತರೆ ಸಾಕು, ಅದರ ಬಾಗಿಲಿನ ತಗಡು ಎಷ್ಟು ತೆಳು ಎಂದು ಕಣ್ಣಲ್ಲೇ ತಟ್ಟಿ ನೋಡಿ ನಿಟ್ಟುಸಿರು ಬಿಡುತ್ತಿದ್ದ. "ರೀ, ಪಕ್ಕದಲ್ಲಿರೋದು ಕಾರು, ಹೆಣ ಅಲ್ಲ. ಮುಖ ಸ್ವಲ್ಪ ಸಡಿಲ ಬಿಡಿ," ಎಂದು ಹೆಂಡತಿ ಎಷ್ಟೋ ಸಲ ತೊಡೆ ಚಿವುಟಿದ್ದಳು. ಅವನದು ಹಳೆಯ ಕಾಲದ ಭಾರಿ ಕಾರು. ಒಂದೂವರೆ ಟನ್ನು ತೂಕ, ಲೀಟರಿಗೆ ಒಂಬತ್ತು ಕಿಲೋಮೀಟರು, ಅದೂ ಇಳಿಜಾರಿನಲ್ಲಿ. ಮನೆಯವರು ಅದಕ್ಕೆ ಕುಡುಕ ಎಂದು ಹೆಸರಿಟ್ಟಿದ್ದರು.

ಆ ವರ್ಷ ಮಗಳಿಗೆ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತೆಗೆಯುವುದು, ಮಧ್ಯಾಹ್ನದ ಮೇಲೆ ಅವನ್ನು ಐಸಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಹೆದ್ದಾರಿಯ ಮೇಲೆ ಪಕ್ಕದ ಊರಿನ ದೊಡ್ಡ ಲ್ಯಾಬಿಗೆ ಮುಟ್ಟಿಸಿ ಬರುವುದು. ಕಾಲೇಜಿನ ದಿನದಿಂದ ಇದ್ದ ಸ್ಕೂಟರಿನಲ್ಲೇ ಅವಳು ಓಡಾಡುತ್ತಿದ್ದಳು. ಒಂದು ತಿಂಗಳು ಕಳೆದ ಮೇಲೆ ಊಟಕ್ಕೆ ಕೂತಾಗ ಒಂದು ಬಣ್ಣದ ಕಾಗದ ತಂದು ಅಪ್ಪನ ತಟ್ಟೆಯ ಪಕ್ಕದಲ್ಲಿಟ್ಟಳು. ಅದರಲ್ಲಿ ಹಳದಿ ಬಣ್ಣದ ಒಂದು ಪುಟಾಣಿ ಕಾರಿತ್ತು.

"ಲೀಟರಿಗೆ ಇಪ್ಪತ್ತನಾಲ್ಕು ಕೊಡುತ್ತಂತೆ ಅಪ್ಪ. ಎಂಥ ಗಲ್ಲಿಗಾದ್ರೂ ನುಗ್ಗುತ್ತೆ."

ಗೇಣಪ್ಪ ಕಾಗದವನ್ನು ಎತ್ತಿ ದೂರ ಹಿಡಿದು ನೋಡಿದ. "ಇದಕ್ಕೆ ಮುಖವೇ ಇಲ್ಲವಲ್ಲೇ."

"ಮುಖ ಯಾಕೆ ಬೇಕು?"

"ಗುದ್ದಿದಾಗ ಮಡಚಿಕೊಳ್ಳೋದಕ್ಕೆ ಮುಂದೆ ಒಂದಷ್ಟು ಉದ್ದ ಇರ್ಬೇಕು. ಇದರಲ್ಲಿ ಬಂಪರ್ ಮುಗೀತು ಅಂದ್ರೆ ನಿನ್ನ ಮೊಣಕಾಲು ಶುರು. ಏಳುನೂರು ಚಿಲ್ಲರೆ ಕೇಜಿ. ಲಾರಿ ಕೆಮ್ಮಿದ್ರೆ ಹಾರಿ ಹೋಗುತ್ತೆ. ಬೇಕಾದ್ರೆ ನನ್ನ ಗಾಡಿ ತಗೊಂಡು ಹೋಗು."

"ಕುಡುಕನ್ನಾ? ನಾನು ದುಡಿದದ್ದೆಲ್ಲ ಅದರ ಹೊಟ್ಟೆಗೇ ಸುರೀಬೇಕು. ಆಮೇಲೆ ಆ ಗಲ್ಲಿಗಳಲ್ಲಿ ಅದನ್ನ ತಿರುಗಿಸೋಕೆ ಹೋದ್ರೆ ಯಾರದಾದ್ರೂ ಗೋಡೆ ನಮ್ಮ ತಲೆಗೆ ಬರುತ್ತೆ."

"ನೋಡೋಣ. ಅವಸರ ಬೇಡ," ಎಂದ ಗೇಣಪ್ಪ. ಅಲ್ಲಿಂದ ಶುರುವಾಯಿತು ಅವನ ಸಂಕಟ.

ಮಗಳನ್ನು ಕರೆದುಕೊಂಡು ಶೋರೂಮಿಗೆ ಹೋದ. ಸೇಲ್ಸ್‌ ಹುಡುಗಿ ನಗುತ್ತಾ ಬಾಗಿಲು ತೆಗೆದು ಮೈಲೇಜಿನ ಮಾತು ಎತ್ತುವ ಮೊದಲೇ ಇವನು ಒಳಗೆ ಬಾಗಿ ಗೇಣು ಹಾಕಿದ. ಎರಡೂವರೆ ಗೇಣಿತ್ತು. "ಇದು ಗುದ್ದುವ ಮುಂಚೆ. ಗುದ್ದಿದ ಮೇಲೆ ಹೆಚ್ಚೆಂದರೆ ಎರಡು ಉಳಿಯುತ್ತೆ," ಎಂದು ಗಟ್ಟಿಯಾಗಿ ಹೇಳಿದ. ಪಕ್ಕದಲ್ಲಿ ಕಾರು ನೋಡಲು ಬಂದಿದ್ದ ಹೊಸ ದಂಪತಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೆಲ್ಲಗೆ ಹೊರಗೆ ನಡೆದರು. ಮಗಳಿಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಇನ್ನೊಂದು ಶೋರೂಮಿನಲ್ಲಿ ಸ್ವಲ್ಪ ದೊಡ್ಡ ಕಾರು ನೋಡಿದರು. ಅದರ ಮುಖ ಗೇಣಪ್ಪನಿಗೆ ಹಿಡಿಸಿತು, ಆದರೆ ಅದೂ ಪೆಟ್ರೋಲನ್ನು ನೀರಿನಂತೆ ಕುಡಿಯುವ ಕುಲವೇ. ಹಳೆಯ ಗಾಡಿ ಕೊಳ್ಳೋಣವೆಂದರೆ ಅದು ಎಲ್ಲಿ ಏನು ಗುದ್ದಿಸಿಕೊಂಡು ಬಣ್ಣ ಬಳಿದುಕೊಂಡು ನಿಂತಿದೆಯೋ ಎಂಬ ಅನುಮಾನ. ತೂಕ ಹೆಚ್ಚಿದ್ದರೆ ಹೊಟ್ಟೆಬಾಕ, ಹೊಟ್ಟೆ ಚಿಕ್ಕದಾದರೆ ಮೈಯಲ್ಲಿ ಕಸುವಿಲ್ಲ. ಹೀಗೆ ಅಳೆದೂ ತೂಗಿಯೂ ಮಳೆಗಾಲ ಮುಗಿಯಿತು, ಚಳಿ ಬಂತು. ಮಗಳು ಸ್ವೆಟರಿನ ಮೇಲೆ ಜಾಕೆಟ್ ಹಾಕಿಕೊಂಡು ಸ್ಕೂಟರ್ ಹತ್ತುತ್ತಿದ್ದಳು.

ಮನೆಯಲ್ಲಿ ಅವನು ಬಾಲ ಸುಟ್ಟ ಬೆಕ್ಕು. ಪೇಪರ್ ಹಿಡಿದರೆ ಎರಡು ಸಾಲು ಓದಿ ಮಡಚಿಡುವುದು, ಎದ್ದು ಗೇಟಿನ ತನಕ ಹೋಗಿ ಬರುವುದು. ಎದುರು ಮನೆಯವರ ಪುಟ್ಟ ಕಾರಿನ ಬಾನೆಟ್ಟನ್ನು ಒಂದು ಬೆಳಿಗ್ಗೆ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಾಗ ಆ ಮನೆಯಾಕೆ ಹೊರಗೆ ಬಂದು, "ಏನಾದ್ರೂ ಕಳ್ಕೊಂಡ್ರಾ?" ಎಂದು ಕೇಳಿದ್ದೂ ಆಯಿತು.

"ಮೀನಮೇಷ ಎಣಿಸ್ತಾ ಕೂತ್ರೆ ಅವಳಿಗೆ ಕೂದಲು ನರೆಯುತ್ತೆ. ಯಾವುದೋ ಒಂದು ತಗೊಂಡು ಮುಗಿಸಿ," ಎಂದಳು ಹೆಂಡತಿ.

"ಯಾವುದೋ ಒಂದು ಅಂತೀಯಲ್ಲ. ಮಗಳೂ ಯಾವಳೋ ಒಬ್ಬಳಾ?"

ಅವಳು ಒಳಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು.

ಗ್ಯಾರೇಜಿನ ಯಜಮಾನನ ಹತ್ತಿರವೂ ಇದೇ ರಾಮಾಯಣ. ಅವನು ಎಣ್ಣೆ ಕೈ ಒರೆಸಿಕೊಳ್ಳುತ್ತಾ, "ಸಾರ್, ಈಗಿನ ಚಿಕ್ಕ ಗಾಡಿ ಮೊದಲಿನ ಹಾಗಿಲ್ಲ. ಏರ್‌ಬ್ಯಾಗಿದೆ, ಬೆಲ್ಟು ತಾನೇ ಬಿಗಿದುಕೊಳ್ಳುತ್ತೆ. ನಿಮ್ಮ ಕುಡುಕನಲ್ಲಿ ಏರ್‌ಬ್ಯಾಗ್ ಎಲ್ಲಿದೆ ಹೇಳಿ?" ಎಂದ.

"ಅದರ ತಗಡು ದಪ್ಪ ಇದೆ."

"ಹೂಂ, ತಗಡು. ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ದಿನಾ ನೋಡೋದೆಲ್ಲ ಗುದ್ದಿದ ಗಾಡಿ. ಸಂಜೆ ಸುಮ್ಮನೆ ಮನೆಗೆ ಹೋದ ಗಾಡಿ ನಮ್ಮ ಅಂಗಳಕ್ಕೆ ಯಾಕೆ ಬರುತ್ತೆ?"

ಗೇಣಪ್ಪನಿಗೆ ಈ ಮಾತು ಒಪ್ಪಿಗೆಯಾಗಲಿಲ್ಲ. ತಾನು ಕಣ್ಣಾರೆ ಕಂಡದ್ದನ್ನು ಬಿಟ್ಟು ಕಾಣದ್ದನ್ನು ಹೇಗೆ ನಂಬುವುದು? ಅವನು ಮುಖ ಗಂಟಿಕ್ಕಿಕೊಂಡು ಹೊರಟುಬಿಟ್ಟ.

ಅಂಗಳದ ಹಿಂಗೋಡೆಯ ಆಚೆ ಒಂದು ತಗಡಿನ ಶೆಡ್ಡಿತ್ತು. ಬೈಕು, ಸ್ಕೂಟರುಗಳು ಅಲ್ಲಿ. ಅದನ್ನು ನೋಡಿಕೊಳ್ಳುತ್ತಿದ್ದ ಸರ್ವೇಯರೇ ಬೇರೆ. ಕಚೇರಿಯಲ್ಲಿ ಅವನನ್ನು ಎರಡುಚಕ್ರ ಎನ್ನುತ್ತಿದ್ದರು. ಅವನು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ರಜೆಯಲ್ಲಿದ್ದಾಗ, ಅಲ್ಲಿನ ಕೆಲಸವೂ ಗೇಣಪ್ಪನ ಪಾಲಿಗೆ ಬಂತು. ಇಷ್ಟು ವರ್ಷ ಗೋಡೆಯ ಈಚೆ ದುಡಿದವನು ಆಚೆ ಕಾಲಿಟ್ಟದ್ದು ಅದೇ ಮೊದಲು.

ಮೊದಲು ತೋರಿಸಿದ್ದು ಒಂದು ಬೂದು ಬಣ್ಣದ ಸ್ಕೂಟರು. ಮಗಳದ್ದೂ ಅದೇ ಕಂಪನಿಯದು. ಮುಂದಿನ ಕೊಕ್ಕೆಯಲ್ಲಿ ಬಟ್ಟೆಯ ಚೀಲವೊಂದು ಇನ್ನೂ ನೇತಾಡುತ್ತಿತ್ತು, ಒಳಗೆ ಊಟದ ಡಬ್ಬಿ. ಗೇಣಪ್ಪ ಅಭ್ಯಾಸಬಲದಿಂದ ಬಲಗೈ ಬಿಚ್ಚಿ ಮುಂದೆ ಚಾಚಿದ. ಕೈ ಹಾಗೆಯೇ ನಿಂತಿತು. ಎಲ್ಲಿಂದ ಎಲ್ಲಿಗೆ ಗೇಣು ಹಾಕುವುದು? ಸೀಟಿತ್ತು, ಹ್ಯಾಂಡಲ್ಲಿತ್ತು. ಅವೆರಡರ ನಡುವೆ ಉಳಿಯುವುದಕ್ಕೆ, ಉಳಿಯದೆ ಇರುವುದಕ್ಕೆ ಏನೂ ಇರಲಿಲ್ಲ. ಸುತ್ತಲೂ ಬರೀ ಗಾಳಿ.

"ದೊಡ್ಡ ಕೆಲಸ ಏನಿಲ್ಲ ಸಾರ್," ಎಂದ ಯಜಮಾನ. "ಹ್ಯಾಂಡಲ್ ಸ್ವಲ್ಪ ಸೊಟ್ಟಗಾಗಿದೆ, ಒಂದು ಕನ್ನಡಿ ಹೋಗಿದೆ. ಸಂಜೆಯೊಳಗೆ ಓಡೋ ಹಾಗೆ ಮಾಡ್ಬಹುದು."

"ಓಡಿಸ್ತಿದ್ದವರು?"

ಯಜಮಾನ ಆ ಚೀಲವನ್ನು ಕೊಕ್ಕೆಯಿಂದ ಬಿಡಿಸಿ ಕೈಯಲ್ಲಿ ಹಿಡಿದುಕೊಂಡ. "ಅದನ್ನ ಕೇಳ್ಬೇಡಿ ಸಾರ್. ಮನೆಯವರು ಇದನ್ನೂ ತಗೊಂಡು ಹೋಗಿಲ್ಲ."

ಗೇಣಪ್ಪ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡ. ಗೋಡೆಯ ಆ ಕಡೆ ಅಂಗಳದಲ್ಲಿ ನಜ್ಜುಗುಜ್ಜಾದ ಕಾರುಗಳು ಸಾಲಾಗಿ ನಿಂತಿದ್ದವು. ಪೆಟ್ಟು ತಾವು ತಿಂದು ಒಳಗಿನವರನ್ನು ಮನೆಗೆ ಕಳಿಸಿದ್ದವು ಅವುಗಳಲ್ಲಿ ಎಷ್ಟೋ. ಪುಟ್ಟ ಕಾರುಗಳೂ ಆ ಸಾಲಿನಲ್ಲಿದ್ದವು. ಇಲ್ಲಿ ಗಾಡಿಗೆ ಏನೂ ಆಗಿಲ್ಲ. ಗಾಡಿ ತಿನ್ನಬೇಕಿದ್ದ ಪೆಟ್ಟನ್ನು ಯಾರು ತಿಂದರು ಎಂಬುದು ಅವನಿಗೆ ಗೊತ್ತಾಯಿತು. ಮಳೆಗಾಲವೆಲ್ಲ, ಚಳಿಗಾಲವೆಲ್ಲ ತಾನು ಚಿಕ್ಕ ಕಾರನ್ನು ದೊಡ್ಡ ಕಾರಿನ ಪಕ್ಕದಲ್ಲಿಟ್ಟು ತೂಗಿದ್ದೇ ತೂಗಿದ್ದು. ಮಗಳು ದಿನವೂ ಹತ್ತಿ ಹೋಗುತ್ತಿದ್ದ ಸ್ಕೂಟರನ್ನು ಒಂದು ಸಲವೂ ತಕ್ಕಡಿಗೆ ಹಾಕಿರಲಿಲ್ಲ. ಹಿಂದೆಂದೋ ಒಳ್ಳೆಯ ಹೆಲ್ಮೆಟ್ ಕೊಡಿಸಿ ಅದನ್ನು ಮರೆತುಬಿಟ್ಟಿದ್ದ.

ಮಗಳಿಗೆ ಫೋನ್ ಮಾಡಿದ. ಎತ್ತಲಿಲ್ಲ. ಗಾಡಿ ಓಡಿಸುವಾಗ ಯಾರೇ ಮಾಡಿದರೂ ಎತ್ತಕೂಡದು ಎಂದು ಕಿವಿ ಹಿಂಡಿ ಕಲಿಸಿದವನು ತಾನೇ. ಮತ್ತೆ ಮಾಡಿದ. ಮತ್ತೆ. ಕೊನೆಗೆ ಫಾರಂ ಅಲ್ಲೇ ಬಿಟ್ಟು, ಯಜಮಾನ ಕೂಗುತ್ತಿದ್ದರೂ ಕೇಳದೆ, ಕುಡುಕನನ್ನು ಹತ್ತಿ ಹೆದ್ದಾರಿಯ ಕಡೆ ಹೊರಟ.

ಕತ್ತಲಾಗುತ್ತಿತ್ತು. ಸೇತುವೆ ದಾಟಿ ಹೋದ ಮೇಲೆ ಎದುರಿನಿಂದ ಬರುತ್ತಿದ್ದ ಅವಳ ನೀಲಿ ಜಾಕೆಟ್ಟು ಕಂಡಿತು. ಜೀವ ಬಂದಂತಾಯಿತು. ಮುಂದೆ ಸಿಕ್ಕ ತಿರುವಿನಲ್ಲಿ ಗಾಡಿ ತಿರುಗಿಸಿ ವೇಗವಾಗಿ ಬಂದು ಸೇತುವೆಯ ಹತ್ತಿರ ಅವಳ ಹಿಂದೆ ಸೇರಿಕೊಂಡ. ಇನ್ನು ಮನೆ ಮುಟ್ಟುವ ತನಕ ಅವಳ ಬೆನ್ನು ಬಿಡುವುದಿಲ್ಲ ಎಂದುಕೊಂಡ. ಬೇರೆ ಯಾವ ಗಾಡಿಯೂ ನಡುವೆ ನುಗ್ಗದಂತೆ ಹತ್ತಿರಕ್ಕೇ ಹೋದ, ದಾರಿ ಚೆನ್ನಾಗಿ ಕಾಣಲಿ ಎಂದು ಲೈಟನ್ನೂ ಎತ್ತರಿಸಿದ. ಒಂದೂವರೆ ಟನ್ನು ಕಬ್ಬಿಣದೊಳಗೆ ತಾನು ಬೆಲ್ಟು ಬಿಗಿದು ಕೂತಿದ್ದೇನೆ, ಮುಂದೆ ಐಸಿನ ಪೆಟ್ಟಿಗೆ ಕಟ್ಟಿಕೊಂಡು ಅವಳು ಸುತ್ತ ಒಂದು ತಗಡೂ ಇಲ್ಲದೆ ಹೋಗುತ್ತಿದ್ದಾಳೆ. ಅವನಿಗೆ ನಾಚಿಕೆಯಾಯಿತು, ಭಯವೂ ಆಯಿತು. ಲಾರಿಯೊಂದು ಪಕ್ಕದಿಂದ ಹಾದುಹೋದಾಗ ಅವಳ ಜಾಕೆಟ್ಟು ಗಾಳಿಗೆ ಉಬ್ಬಿತು. ಸ್ವಲ್ಪ ಹೊತ್ತಿಗೆ ಸ್ಕೂಟರು ಇದ್ದಕ್ಕಿದ್ದಂತೆ ರಸ್ತೆ ಬಿಟ್ಟು ಪಕ್ಕದ ಜಲ್ಲಿಯ ಮೇಲೆ ಇಳಿಯಿತು, ಓಲಾಡಿತು, ಅವಳು ಒಂದು ಕಾಲು ಊರಿ ಹೇಗೋ ಸಂಭಾಳಿಸಿ ಮತ್ತೆ ರಸ್ತೆಗೆ ಹತ್ತಿದಳು. ಗೇಣಪ್ಪ ಮುಂದೆ ಮರೆಯಾಗುತ್ತಿದ್ದ ಲಾರಿಯವನಿಗೆ ಬಾಯಿಗೆ ಬಂದದ್ದನ್ನೆಲ್ಲ ಬೈದ.

ಮನೆಯ ಹತ್ತಿರ ಅವಳು ಸಣ್ಣ ಗಲ್ಲಿಗೆ ನುಗ್ಗಿದಳು. ಕುಡುಕ ಆ ಗಲ್ಲಿಗೆ ಹಿಡಿಸುವುದಿಲ್ಲ, ಸುತ್ತು ಹಾಕಿಕೊಂಡು ಬರಬೇಕು. ಅವನು ಬಾಗಿಲಿಗೆ ಬರುವ ಹೊತ್ತಿಗೆ ಮಗಳು ಮೆಟ್ಟಿಲ ಮೇಲೆ ಕೂತು, ಅಡಿ ಕಿತ್ತುಹೋದ ಶೂ ಬಿಚ್ಚುತ್ತಾ ತಾಯಿಗೆ ಹೇಳುತ್ತಿದ್ದಳು.

"ಯಾವನೋ ಒಬ್ಬ ಅಮ್ಮ. ದೊಡ್ಡ ಗಾಡಿ. ಸೇತುವೆಯಿಂದ ಬೆನ್ನಿಗೇ ಅಂಟಿಕೊಂಡು ಬಂದ. ಕನ್ನಡೀಲಿ ನೋಡಿದ್ರೆ ಬರೀ ಲೈಟು, ಕಣ್ಣೇ ಕಾಣ್ಲಿಲ್ಲ. ದಾರಿ ಬಿಟ್ರೂ ಮುಂದೆ ಹೋಗಲ್ಲ. ಮೈಮೇಲೆ ಹತ್ತಿಸೇ ಬಿಡ್ತಾನೆ ಅಂತ ಹೆದರ್ಕೊಂಡು ಜಲ್ಲಿ ಮೇಲೆ ಇಳಿಸ್ದೆ, ಚಕ್ರ ಜಾರ್ತು. ಇವತ್ತು ಮುಗೀತು ನನ್ನ ಕತೆ ಅಂದ್ಕೊಂಡೆ."

"ಅವನ ಕೈ ಸೇದಿ ಹೋಗ!" ಎಂದಳು ತಾಯಿ.

ಗೇಣಪ್ಪ ಗೇಟನ್ನು ಹಿಡಿದುಕೊಂಡು ನಿಂತ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಅದು ನಾನೇ ಕಣೇ," ಎಂದ.

ಮಗಳು ತಲೆಯೆತ್ತಿ ನೋಡಿದಳು. "ನೀನಾ? ಯಾಕಪ್ಪ?"

"ನಿನಗೆ ಏನೂ ಆಗಬಾರದು ಅಂತ."

ಅವನು ಬಂದು ಮಗಳ ಪಕ್ಕದಲ್ಲಿ ಕುಸಿದು ಕೂತು, ಆ ಶೂವನ್ನು ಎತ್ತಿಕೊಂಡು ಕಿತ್ತ ಅಡಿಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದ.

"ನಾಳೆ ಬೆಳಿಗ್ಗೆ ಹೋಗಿ ಆ ಹಳದಿ ಗಾಡಿ ಬುಕ್ ಮಾಡಿ ಬರೋಣ," ಎಂದ. "ಅದು ಬರೋ ತನಕ ನಾನೇ ಕರ್ಕೊಂಡು ಹೋಗ್ತೀನಿ. ಕುಡುಕ ಎಷ್ಟು ಬೇಕಾದ್ರೂ ಕುಡೀಲಿ. ಸ್ಕೂಟರ್ ಕೀ ಕೊಡು."

ಮಗಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಗುದ್ದಿದ್ರೆ ಅದರಲ್ಲಿ ಎರಡೇ ಗೇಣು ಉಳಿಯುತ್ತೆ ಅಂತ ಶೋರೂಮಲ್ಲಿ ಮಾನ ಕಳೆದ್ಯಲ್ಲ ಅಪ್ಪ."

"ಎರಡು ಗೇಣು ಉಳಿಯುತ್ತಲ್ಲ ಮಗಳೇ," ಎಂದು ಗೇಣಪ್ಪ ಕೀಗಾಗಿ ಕೈ ಚಾಚಿದ.