ಕುಂಡದೊಳಗಿನ ಕರಿ ಉಣ್ಣೆಯ ದಾರ

ಮೊನ್ನೆ ನಮ್ಮ ದೊಡ್ಡ ಮೊಮ್ಮಗಳು ಚಿತ್ರದುರ್ಗದಿಂದ ಒಂದು ಹೂವಿನ ಕುಂಡ ತಂದಳು. ಮನೆಯೊಳಗೇ ಬೆಳೆಯುವ ಗಿಡವಂತೆ. ಕಿಟಕಿಯಲ್ಲಿಡಲು ಎತ್ತಿದರೆ ತಳದ ತೂತಿನಿಂದ ಒಂದು ದಾರ ಇಳಿಬಿದ್ದಿತ್ತು. ಕೀಳಲು ಹೋದೆ.

"ಅಜ್ಜಿ, ಕೀಳ್ಬ್ಯಾಡ. ನೀರು ಜಾಸ್ತಿಯಾದ್ರೆ ಅದ್ರಾಗೆ ಇಳ್ದು ಹೋಗ್ತೈತೆ" ಅಂದಳು.

ನನ್ನ ಕೈ ಅಲ್ಲೇ ನಿಂತಿತು...

ಮಕ್ಕಳೇ, ನಿಮ್ಮ ತಾತ ತೀರಿಹೋದ ವರ್ಷ ನಾನು ಚಿಕ್ಕಜಾಜೂರಿನಲ್ಲಿದ್ದೆ. ಅವರು ನನಗೆಂದು ಕೊನೆಯದಾಗಿ ತಂದದ್ದು ಒಂದು ಬಿಗೋನಿಯಾ ಹೂವಿನ ಗಿಡ. ಅದನ್ನು ಎಣ್ಣೆ ಡಬ್ಬಿಯಲ್ಲಿ ನೆಟ್ಟು, ಬಿಸಿಲು ತಾಗದಂತೆ ನಡುಮನೆಯಲ್ಲಿಟ್ಟಿದ್ದೆ. ಲಿಂಗಪೂಜೆಯ ನೀರನ್ನು ತುಳಿಯುವ ಕಡೆ ಚೆಲ್ಲಬಾರದಲ್ಲ, ದಿನವೂ ಆ ಗಿಡಕ್ಕೇ ಹಾಕುತ್ತಿದ್ದೆ. ಆದರೂ ಎಲೆ ಹಳದಿಯಾಯಿತು, ಮೊಗ್ಗು ಉದುರತೊಡಗಿದವು. ಅವರೇ ಇನ್ನೊಮ್ಮೆ ಕೈಬಿಟ್ಟು ಹೋಗುತ್ತಿದ್ದಾರೆ ಅನ್ನಿಸುತ್ತಿತ್ತು.

ಎದುರು ಮನೆಯಲ್ಲಿ ಕುರಿ ಸಾಕುವವರ ಅಜ್ಜಿಯೊಬ್ಬಳಿದ್ದಳು. ಉಣ್ಣೆ ನೂಲುವ ಕದಿರು ಹಿಡಿದುಕೊಂಡೇ ಹೇಳದೆ ಕೇಳದೆ ಒಳಗೆ ಬರುವಳು. ನೇರ ಗಿಡದ ಹತ್ತಿರ ಹೋಗಿ, ಮಣ್ಣು ಒತ್ತಿ, ಬೆರಳು ಮೂಸುವಳು.

"ಏನವ್ವ, ದಿನಾ ಜಳಕ ಮಾಡಿಸ್ತೀಯಲ್ಲ, ಮದುವಣಗಿತ್ತಿನಾ ಇದು?"

"ದೇವ್ರ ನೀರಜ್ಜಿ" ಅಂದೆ.

ಅವಳ ನಗು ನಿಂತಿತು. ಆಮೇಲೆ ನೀರಿನ ಮಾತನ್ನೇ ಎತ್ತಲಿಲ್ಲ. ಆ ಸುಮ್ಮನಿರುವಿಕೆಯೇ ನನಗೆ ಅನುಮಾನ ತಂದಿತು. ಗಂಡನಿಲ್ಲದ ಮನೆಯಲ್ಲಿ ಹೂವು ಅರಳುವುದು ಇವಳಿಗೆ ಹಿಡಿಸುತ್ತಿಲ್ಲವೇ? ಅವಳು ಬಂದುಹೋದ ದಿನವೇ ಮೊಗ್ಗು ಉದುರುವಂತೆ ಕಾಣತೊಡಗಿತು.

ಒಂದು ಮಧ್ಯಾಹ್ನ ಹಿತ್ತಲಿನಲ್ಲಿ ಬಟ್ಟೆ ಒಗೆದು ಬಂದರೆ, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ನನ್ನನ್ನು ಕಂಡವಳೇ ಏನನ್ನೋ ಸೆರಗಿನಲ್ಲಿ ಮುಚ್ಚಿಕೊಂಡು ಎದ್ದು ಹೋದಳು. ಮಣ್ಣು ಕೆದಕಿದೆ. ಗಂಟು ಹಾಕಿದ ಕರಿ ಉಣ್ಣೆಯ ದಾರ! ಮಾಟವೇ ಸರಿ ಎಂದುಕೊಂಡು ಎಳೆದು ಒಲೆಗೆ ಹಾಕಿದೆ. ಕೂದಲು ಸುಟ್ಟಂಥ ವಾಸನೆ ಮನೆಯೆಲ್ಲ ತುಂಬಿತು. ಡಬ್ಬಿಯ ತಳದಲ್ಲಿ, ದಾರ ಇಳಿದಿದ್ದ ಕಡೆ, ಮೊಳೆ ಹೊಡೆದ ಹೊಸ ತೂತಿತ್ತು. ಅದನ್ನೂ ಮೇಣ ಮೆತ್ತಿ ಮುಚ್ಚಿದೆ.

ಜಗಳವಾಡುವ ಬಾಯಿ ನನಗಿರಲಿಲ್ಲ. ಬಾಗಿಲು ಹಾಕಿಕೊಂಡೆ, ಅಷ್ಟೇ.

"ಬಾಗ್ಲು ತೆಗಿಯವ್ವ, ಗಿಡದ ತಳ ಒಂದ್ಸಲ ನೋಡ್ತೀನಿ" ಎಂದು ಮರುದಿನ ಹೊರಗಿನಿಂದ ಕೂಗಿದಳು.

ಮಾಟ ಹತ್ತಿತೋ ಇಲ್ಲವೋ ನೋಡಲು ಬಂದಿದ್ದಾಳೆ ಎಂದು ಅಗುಳಿ ತೆಗೆಯದೆ ಕುಳಿತೆ. ಮೂರು ದಿನ ಬಂದಳು. ಆಮೇಲೆ ಬರಲಿಲ್ಲ.

ಗಿಡ ಬುಡದಲ್ಲೇ ಕೊಳೆತು ಬಿತ್ತು. ಆ ತಪ್ಪನ್ನೂ ಅವಳ ಮೇಲೆಯೇ ಹೊರಿಸಿದೆ. ಮುಂದೆ ಅವಳು ತೀರಿಕೊಂಡಾಗ, ಬೀದಿ ದಾಟಿ ಹೋಗಿ ಮುಖ ಕೂಡ ನೋಡಲಿಲ್ಲ...

ಈಗ ಪೂಜೆಯ ನೀರನ್ನು ಹೊರಗಿನ ಬೇವಿನ ಬುಡಕ್ಕೆ ಹಾಕುತ್ತೇನೆ. ಮೊಮ್ಮಗಳ ಗಿಡದಲ್ಲಿ ಎರಡು ಹೂ ಬಿಟ್ಟಿವೆ. ದಾರದ ತುದಿಯಿಂದ ತಟ್ಟೆಗೆ ಒಂದೊಂದೇ ಹನಿ ಬೀಳುತ್ತದೆ. ನಿನ್ನ ದೇವರ ನೀರೇ ಗಿಡವನ್ನು ಕೊಲ್ಲುತ್ತಿದೆ ಎಂದು ಹೊಸದಾಗಿ ಗಂಡನನ್ನು ಕಳೆದುಕೊಂಡವಳ ಮುಂದೆ ಹೇಳಲು ಆ ಅಜ್ಜಿಗೆ ಮನಸ್ಸು ಬರಲಿಲ್ಲವೇನೋ.

ಅವಳೇ ನೂತ ದಾರವಾಗಿತ್ತು ಅದು. ನಾನು ಸುಟ್ಟೆ.